ಆಷಾಢದ ಕೆರೆಗೆ ಅರ್ಧ ರೀಲು

ಬೆಳಗಿನ ಆರು ಗಂಟೆ. ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ನಿಂತಿರುವ ಸಿದ್ದಾರೂಢ ಕೊಡೆಯನ್ನು ತಮಗಲ್ಲ, ಕ್ಯಾಮೆರಾಕ್ಕೆ ಹಿಡಿದಿದ್ದಾರೆ. ಜಿಟಿಜಿಟಿ ಮಳೆ ಅವರ ತಲೆಯಿಂದ ಕಿವಿಗೆ, ಕಿವಿಯಿಂದ ಕೊರಳಪಟ್ಟಿಗೆ ಇಳಿಯುತ್ತಿದೆ. ಆಷಾಢದ ಗಾಳಿಗೆ ಕೊಡೆ ತಿರುಗುಮುರುಗಾದಾಗ, ಹಾಲಿನ ಕ್ಯಾನು ತೂಗುಹಾಕಿದ ಸೈಕಲ್ಲಿನವರೊಬ್ಬರು ಕಾಲೂರಿ ನಿಲ್ಲುತ್ತಾರೆ.

"ಏನ್ ಗುರು, ಬಿಸಿಲೇ ಇಲ್ಲ, ಯಾರ್ ಫೋಟೋ ತೆಗೀತಿದೀಯ?"

"ಗಾಳೀದ್ರಿ. ಒಂದ್ ಕಡಿ ನಿಂದ್ರವಲ್ದು ನೋಡ್ರಿ!"

ಸೈಕಲ್ಲಿನವರು ನಗುತ್ತಾ ಹೋಗುತ್ತಾರೆ. ಸಿದ್ದಾರೂಢರ ಕಣ್ಣು ಮೋಡದ ಮೇಲೆಯೇ ಇದೆ. ಹತ್ತು ಗಂಟೆಗೆ ಈ ಕ್ಯಾಮೆರಾ ರಿಪೇರಿ ಅಂಗಡಿ ಸೇರಬೇಕು. ಅಷ್ಟರೊಳಗೆ ಮೋಡ ಸ್ವಲ್ಪವಾದರೂ ಸರಿಯದಿದ್ದರೆ, ಆರು ವರ್ಷದಿಂದ ಕಾದಿರುವ ಒಂದು ಚಿತ್ರಕ್ಕೆ ಮತ್ತೆ ಮುಂದಿನ ವರ್ಷವೇ ಗತಿ.

ನವಲಗುಂದದ ಕಡೆಯ ಸಿದ್ದಾರೂಢ ಬಿಟಿಎಂ ಲೇಔಟಿನ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಜಯನಗರದ ಸ್ಟುಡಿಯೋವೊಂದರಲ್ಲಿ ಮದುವೆ ಫೋಟೋ ತೆಗೆಯುವುದು ಅವರ ಕೆಲಸ. ಈ ಭಾಗದ ಎಷ್ಟೋ ಮನೆಗಳ ಆಲ್ಬಮ್‌ಗಳು ಅವರ ಕೈಯಿಂದ ಬಂದವು. ಯಾವುದರಲ್ಲೂ ಅವರ ಮುಖವಿಲ್ಲ. ಕ್ಯಾಮೆರಾ ಸ್ಟುಡಿಯೋದ್ದು, ರೀಲೂ ಸ್ಟುಡಿಯೋದ್ದು. ಮದುವೆ ಮುಗಿದ ಮೇಲೆ ಕೊನೆಯ ರೀಲಿನಲ್ಲಿ ಉಳಿದ ನಾಲ್ಕಾರು ಚಿತ್ರಗಳಷ್ಟೇ ಅವರವು. ಮಾಲೀಕ ಗುಂಡಣ್ಣ ಒಪ್ಪಿಕೊಟ್ಟ ಸವಲತ್ತು ಇದು. ಮರುದಿನ ಲ್ಯಾಬು ಬಾಗಿಲು ತೆಗೆಯುವ ಮೊದಲೇ ಅವರು ಕೆರೆಗೆ ಬರುತ್ತಾರೆ. ಪ್ರತಿ ಸಲವೂ ಇದೇ ಹೊಂಗೆ ಮರದ ಬುಡ.

ಕೆರೆಯೇ ಏಕೆ? "ನಮ್ಮ ಕಡೆ ಕಪ್ಪು ಮಣ್ಣಿನ ಬಯಲ್ರಿ, ಮುಗಿಲು ಭಾಳ ದೊಡ್ಡದು. ಇಲ್ಲಿ ಬಂದ್ ಮ್ಯಾಲ ಮುಗಿಲ ಕಾಣಲಿಲ್ಲ, ಬರೇ ವೈರು. ಈ ಕೆರಿ ಮ್ಯಾಲ ಒಂದ್ ತುಕಡಿ ಸಿಕ್ತು."

ಆ ತುಕಡಿ ಈಗ ಅವರ ಮನೆಯ ಗೋಡೆ ತುಂಬಿದೆ. ಚೈತ್ರದ ಹೊಂಗೆ ಚಿಗುರು, ವೈಶಾಖದಲ್ಲಿ ಬಿರಿದ ದಂಡೆ, ಕಾರ್ತಿಕದ ಮಂಜಿನಲ್ಲಿ ಅರ್ಧ ಕರಗಿದ ಎಮ್ಮೆ. ಪುಷ್ಯದಲ್ಲಿ ಮದುವೆಗಳಿಲ್ಲದಿದ್ದರೂ ಶಾಲೆಗಳ ವಾರ್ಷಿಕೋತ್ಸವ ಕೈ ಹಿಡಿಯುತ್ತದೆ. ಆಷಾಢದಲ್ಲಿ ಮಾತ್ರ ಅದೂ ಇಲ್ಲ, ಇದೂ ಇಲ್ಲ. ಕೆಲಸವಿಲ್ಲದ ಆ ತಿಂಗಳು ಗುಂಡಣ್ಣ ಕ್ಯಾಮೆರಾಗಳನ್ನೆಲ್ಲ ರಿಪೇರಿಗೆ ಕಳಿಸಿಬಿಡುತ್ತಾರೆ. ಜ್ಯೇಷ್ಠಕ್ಕೂ ಶ್ರಾವಣಕ್ಕೂ ನಡುವೆ ಖಾಲಿ ಉಳಿದ ಜಾಗಕ್ಕೆ ಹೆಂಡತಿ ಶರಣಮ್ಮ ಮೊಳೆ ಹೊಡೆದು ಕನ್ನಡಿ ತೂಗುಹಾಕಿದ್ದಾರೆ.

"ಆಷಾಢ ನೋಡಬೇಕಂದ್ರ ಇದರಾಗ ನಿಮ್ಮ ಮಾರಿ ನೋಡ್ಕೊರ್ರಿ, ಮೋಡ ಕವಿದದ್ದು ಕಾಣತೈತಿ ಅಂತೀನಿ ನಾ," ಎಂದು ಆಕೆ ನಗುತ್ತಾರೆ.

ಈ ವರ್ಷದ ಅದೃಷ್ಟಕ್ಕೆ ಕಾರಣ ಎರಡು ವರ್ಷದ ಹಿಂದಿನ ಒಂದು ತಪ್ಪು. ಸಾಲು ಸಾಲು ಮುಹೂರ್ತಗಳ ನಿದ್ದೆಗಣ್ಣಿನಲ್ಲಿ ಸಿದ್ದಾರೂಢ ಹನುಮಂತನಗರದ ಸರ್ವಮಂಗಳಾ ಅವರ ಮದುವೆ ಆಲ್ಬಮ್‌ಗೆ ಕೆರೆಯ ಚಿತ್ರವನ್ನೂ ಅಂಟಿಸಿಬಿಟ್ಟಿದ್ದರು. ಹೆಣ್ಣೊಪ್ಪಿಸುವಾಗ ಎಲ್ಲರೂ ಅಳುತ್ತಿರುವ ಫೋಟೋ. ಪುಟ ತಿರುಗಿಸಿದರೆ ಕೆರೆಯ ತುಂಬ ಎಳೆ ಬಿಸಿಲು.

"ಮದ್ವೆ ಆಲ್ಬಮ್ಮಿಗೆ ಕೆರೆ ಅಂಟಿಸಿದೀಯಲ್ಲೋ! ಅವ್ರು ಗಲಾಟೆಗೆ ಬಂದ್ರೆ ನಿನ್ನೇ ಮುಂದೆ ನಿಲ್ಲಿಸ್ತೀನಿ ಅಂದಿದ್ದೆ," ಎಂದು ಗುಂಡಣ್ಣ ನೆನೆಯುತ್ತಾರೆ. "ಅವ್ರು ಬಂದ್ರು. ಆ ಕೆರೇನ ದೊಡ್ಡದು ಮಾಡ್ಸಿ ಫ್ರೇಮ್ ಹಾಕ್ಕೊಡಿ ಅಂದ್ರು!"

ಕಳೆದ ವಾರ ಸ್ಟುಡಿಯೋಕ್ಕೆ ಬಂದವರು ಸರ್ವಮಂಗಳಾ ಅವರ ತಂಗಿ ಮಧುಮತಿ. ಅವರು ಮದುವೆಯಾಗಲಿದ್ದ ಕೈಲಾಸ್‌ಗೆ ಹಡಗಿನಲ್ಲಿ ಕೆಲಸ. ಶ್ರಾವಣಕ್ಕೆ ಮೊದಲೇ ಹಡಗು ಹತ್ತಬೇಕು. "ಕೆರೆ ಅಣ್ಣ ಇದಾರಾ?" ಎಂದು ಕೇಳಿದರಂತೆ ಆಕೆ.

"ಆಷಾಢದಲ್ಲಿ ಮದ್ವೇನಾ ಮೇಡಂ?" ಎಂದರು ಗುಂಡಣ್ಣ.

"ರಿಜಿಸ್ಟ್ರಾರ್ ಆಫೀಸಿಗೆ ಆಷಾಢ ಇಲ್ಲ ಅಂಕಲ್."

ರಿಪೇರಿಗೆ ಹೊರಟಿದ್ದ ಒಂದು ಕ್ಯಾಮೆರಾ ಹಿಂದೆ ಉಳಿಯಿತು. ನಿನ್ನೆ ಸಹಿ, ಹಾರ, ಸಿಹಿ ಮುಗಿದ ಮೇಲೂ ಸಿದ್ದಾರೂಢ ಚಿತ್ರ ತೆಗೆಯುತ್ತಲೇ ಇದ್ದಾಗ ಮಧುಮತಿಯೇ ತಡೆದರು: "ನಮ್ದು ಸಾಕು ಅಣ್ಣ. ಮಿಕ್ಕಿದ್ದು ಕೆರೆಗಿರಲಿ." ಮಿಕ್ಕಿದ್ದು ಅರ್ಧ ರೀಲು. ಇಷ್ಟೊಂದು ಯಾವತ್ತೂ ಸಿಕ್ಕಿರಲಿಲ್ಲ.

ಕೆರೆಯ ಮೇಲೆ ಈಗ ಏಳೂವರೆ. ಮಳೆ ಬಲಿಯುತ್ತಿದೆ. ಸಿದ್ದಾರೂಢ ಕ್ಯಾಮೆರಾವನ್ನು ಅಂಗಿಯೊಳಗೆ ಸೇರಿಸಿ ಹೊಂಗೆಗೆ ಒರಗುತ್ತಾರೆ. ಎಂಟಾಗುತ್ತದೆ. ಎಂಟೂವರೆಯೂ ಆಗುತ್ತದೆ. ಆಮೇಲೆ ಯಾರೋ ಕರೆದಂತೆ ಏಳುತ್ತಾರೆ. ಪೂರ್ವದ ಅಂಚಿನಲ್ಲಿ ಮೋಡ ಬಿರಿದು, ಅಗಲ ಬೆಳಕೊಂದು ನೀರಿನ ಮೇಲೆ ಓಡುತ್ತಾ ಬರುತ್ತಿದೆ. ಅದರ ಹಿಂದೆಯೇ ಗಾಳಿ. ಜೊಂಡು ಒಟ್ಟಿಗೆ ಬಾಗುತ್ತದೆ. ಕೊಡೆ ಎಲ್ಲೋ ಹಾರುತ್ತದೆ. ಸಿದ್ದಾರೂಢ ಅದನ್ನು ತಿರುಗಿಯೂ ನೋಡದೆ ಗುಂಡಿ ಒತ್ತುತ್ತಲೇ ಹೋಗುತ್ತಾರೆ, ರೀಲು ಮುಗಿದು ಕ್ಯಾಮೆರಾ ತಾನಾಗಿ ಗೊರ್ರೆನ್ನುವವರೆಗೆ.

ಹತ್ತಕ್ಕೆ ಕ್ಯಾಮೆರಾ ರಿಪೇರಿಗೆ ಹೋಗುತ್ತದೆ, ರೀಲು ಲ್ಯಾಬಿಗೆ. ಮಧ್ಯಾಹ್ನ ಪ್ರಿಂಟುಗಳು ಬರುತ್ತವೆ. ನಾಚುತ್ತಿರುವ ಮಧುಮತಿ, ಹಾರ ಸರಿಮಾಡಿಕೊಳ್ಳುವ ಕೈಲಾಸ್, ಆಮೇಲೆ ಬೂದು, ಬೂದು, ಬೂದು. ಕೊನೆಯದಕ್ಕೂ ಹಿಂದಿನದರಲ್ಲಿ ಎಲ್ಲವೂ ಇದೆ: ಬಾಗಿದ ಜೊಂಡು, ನೆರಿಗೆಗಟ್ಟಿದ ನೀರು, ಅದನ್ನು ಸೀಳಿದ ಬೆಳಕು. ಮೂಲೆಯಲ್ಲಿ ಮಾತ್ರ ಲೆನ್ಸಿಗೆ ಸಿಡಿದ ಹನಿಯೊಂದು ಮಸುಕಾಗಿ ಕೂತಿದೆ.

"ಛೆ, ಹನಿ ಬಿದ್ದೈತಲ್ಲೋ," ಎಂದು ಗುಂಡಣ್ಣ ಬೇಕೆಂದೇ ಅವರ ಮಾತಿನ ಧಾಟಿಯಲ್ಲಿ ಅಣಕಿಸುತ್ತಾರೆ.

"ಇರ್ಲಿ ಬಿಡ್ರಿ ಅಣ್ಣಾರ, ಆಷಾಢ ತಾನ ಬಂದ್ ಸಹಿ ಹಾಕೈತಿ." ಸಿದ್ದಾರೂಢ ಪ್ರಿಂಟಿನ ಅಂಚನ್ನು ಒದ್ದೆ ಅಂಗಿಗೆ ತಾಗದಂತೆ ಹಿಡಿದು ಇನ್ನೊಮ್ಮೆ ನೋಡುತ್ತಾರೆ. ಮುಖದ ಮೇಲೆ ಮೋಡದ ಸುಳಿವೂ ಇಲ್ಲ.

"ಇವತ್ತ ಮನಿಗಿ ಹೋಗಿ ಇನ್ನೊಂದ್ ಮೊಳಿ ಹೊಡೀಬೇಕ್ರಿ," ಎನ್ನುತ್ತಾರೆ. "ಕನ್ನಡಿಗಿ ಬ್ಯಾರೆ ಜಾಗಾ ಬೇಕಾತು."