ಜಿಂಕೆಗೆ ಕಟ್ಟಿದ ಸೀರೆ

ಆಗ ನನಗೆ ಐವತ್ತೆಂಟು ವರ್ಷ. ಇದು ಒಂಬತ್ತು ವರ್ಷದ ಹಿಂದಿನ ಮಾತು. ಮುಂಬಯಿಯ ಭಾಂಡುಪಿನಲ್ಲಿ ಗುಡ್ಡದ ಬುಡಕ್ಕಿರುವ ಒಂದು ಹೌಸಿಂಗ್ ಸೊಸೈಟಿಯಲ್ಲಿ ನಾನು ಮಾಲಿಯಾಗಿದ್ದೆ. ಮಾಲಿ ಎಂದರೆ ತೋಟ ನೋಡಿಕೊಳ್ಳುವವಳು. ಗೇಟಿನ ಬಳಿಯ ಕುಂಡಗಳು, ನಡುವಿನ ಹುಲ್ಲು, ಹಿಂದಿನ ಗೋಡೆಯ ಪಕ್ಕದ ಉದ್ದನೆಯ ತೋಟ, ಎಲ್ಲವೂ ನನ್ನ ಪಾಲಿಗೆ. ಹಿಂದಿನ ತೋಟದಲ್ಲಿ ಗುಲಾಬಿ, ದಾಸವಾಳ, ಮೆಂತ್ಯ, ಪಾಲಕ್, ಅವರೆ ಬಳ್ಳಿ. ಗೋಡೆಯಾಚೆ ಗುಡ್ಡದ ಮೇಲಿನ ಸಾಲುಮನೆಗಳ ಚಾಳಿಗೆ ಹೋಗುವ ಕಾಲುದಾರಿ, ಅದರಾಚೆ ಕಾಡು.

ಪಂಪ್ ರೂಮಿನ ಪಕ್ಕದ ಖೋಲಿಯಲ್ಲಿ ನನ್ನ ವಾಸ. ಕೆಲಸ ಇರುವ ತನಕ ಖೋಲಿ, ಕೆಲಸ ಹೋದರೆ ಖೋಲಿಯೂ ಹೋಯಿತು. ಮುಂಬಯಿಯಲ್ಲಿ ನನಗೆ ಬೇರೆ ಜಾಗವಿರಲಿಲ್ಲ. ವಿಜಯಪುರದ ಕಡೆ ಇದ್ದ ಮನೆ ಗಂಡ ಸತ್ತಾಗಲೇ ಮೈದುನರ ಪಾಲಾಗಿತ್ತು. ಅತ್ತು ಹೇಳುವ ಮಾತಲ್ಲ, ಇದ್ದದ್ದನ್ನು ಹೇಳಿದೆ.

ಅದರ ಹಿಂದಿನ ಮಳೆಗಾಲದಲ್ಲಿ ಗೋಡೆಯ ಒಂದು ಭಾಗ ಕುಸಿದಿತ್ತು. ಮತ್ತೆ ಕಟ್ಟಬೇಕೆಂದರೆ ನಮ್ಮ ಜಾಗ ಎಲ್ಲಿಯ ತನಕ, ಕಾಡಿನದು ಎಲ್ಲಿಂದ ಎಂದು ಮೊದಲು ತೀರ್ಮಾನವಾಗಬೇಕಂತೆ. ಆಗಿರಲಿಲ್ಲ. ಅಷ್ಟರವರೆಗೆ ಇರಲಿ ಎಂದು ಅಲ್ಲಿ ಬಿದಿರಿನ ಗೂಟ ನೆಟ್ಟು ತಂತಿ ಸುತ್ತಿದ್ದೆ.

ಬೇಸಿಗೆ ಏರಿ ಗುಡ್ಡದ ಹುಲ್ಲು ಒಣಗಿದ ಮೇಲೆ, ಒಂದು ಬೆಳಿಗ್ಗೆ ನೋಡಿದರೆ ಗುಲಾಬಿ ಗಿಡಗಳಿಗೆ ತಲೆಯೇ ಇಲ್ಲ. ಮೊದಲು ಹೂವಿನ ಕಳ್ಳರು ಎಂದುಕೊಂಡೆ. ವಾಕಿಂಗ್ ಬರುವವರು ಪೂಜೆಗೆಂದು ಪ್ಲಾಸ್ಟಿಕ್ ಚೀಲ ತಂದು ಕಂಡವರ ಹೂ ಕೀಳುವುದು ನಮ್ಮಲ್ಲಿ ಇದ್ದದ್ದೇ. ಆದರೆ ಪೂಜೆಗೆ ಹೂ ಬೇಕು, ಎಲೆ ಯಾಕೆ? ಇಲ್ಲಿ ಎಲೆ, ಮೊಗ್ಗು, ಎಳೆ ದೇಟು ಎಲ್ಲಾ ಹೋಗಿತ್ತು. ವಾಚ್‌ಮನ್ ಯಾದವ್ ಬಂದು ನೆಲದ ಮೇಲಿನ ಹಿಕ್ಕೆ ತೋರಿಸಿ, "ಬಕ್ರಿ ಹೈ ಮೌಸಿ, ಬಕ್ರಿ" ಎಂದ. ನೋಡಿದರೆ ಆಡಿನ ಹಿಕ್ಕೆಯ ಹಾಗೆಯೇ ಇತ್ತು. ನಾನು ಚಾಳಿಗೆ ಹತ್ತಿ ಹೋಗಿ ಆಡು ಸಾಕಿದವಳ ಜೊತೆ ಜಗಳ ಮಾಡಿದೆ. ಅವಳು ಬಾಗಿಲಲ್ಲಿ ಕಟ್ಟಿದ್ದ ಆಡನ್ನೂ ಅದರ ಹಗ್ಗವನ್ನೂ ತೋರಿಸಿದಳು. ಹಗ್ಗ ಗಟ್ಟಿಯಾಗಿತ್ತು. ಸುಮ್ಮನೆ ಇಳಿದು ಬಂದೆ.

ಮರುವಾರ ಬೆಳಕು ಹರಿಯುವಾಗ ನೀರು ಬಿಡಲು ಹೋದರೆ, ಅವರೆ ಬಳ್ಳಿಯ ಮುಂದೆ ಮೈತುಂಬಾ ಬಿಳಿ ಚುಕ್ಕೆಯ ಒಂದು ಹೆಣ್ಣು ಜಿಂಕೆ ನಿಂತು ಮೇಯುತ್ತಿತ್ತು. ನಮ್ಮ ಕಡೆ ಹೊಲದಲ್ಲಿ ಚಿಗರಿ ನೋಡಿದವಳು ನಾನು. ಕಡಲೆ ಹೊಲಕ್ಕೆ ಹಿಂಡು ಬಿದ್ದರೆ ಒಂದು ಗಿಡ ಉಳಿಯುವುದಿಲ್ಲ. ಆದರೆ ಮುಂಬಯಿಯಲ್ಲಿ, ಲಿಫ್ಟ್ ಇರುವ ಬಿಲ್ಡಿಂಗಿನ ಹಿಂದೆ, ಸ್ಕೂಟರ್‌ಗಳ ಪಕ್ಕ ಜಿಂಕೆ ಎಂದರೆ ನನ್ನ ತಲೆಗೆ ಹತ್ತಲಿಲ್ಲ. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಅದು ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ಆಮೇಲೆ ಹೋಯಿತು.

ಸೊಸೈಟಿಯ ಸೆಕ್ರೆಟರಿ ಭಂಡಾರಿಯವರು ಉಡುಪಿ ಕಡೆಯವರು, ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದರು. ಅವರನ್ನು ಕರೆದು ತೋಟ ತೋರಿಸಿದೆ.

"ಎಂತ ಮಾರಾಯ್ತಿ ಇದು? ಬೋಳಿಸಿ ಇಟ್ಟ ಹಾಗೆ ಉಂಟಲ್ಲ."

"ಜಿಂಕಿ ತಿಂದೈತ್ರಿ ಸಾಹೇಬ್ರ."

"ಹೋಟ್ಲಲ್ಲಿ ತಿಂದವ ಬಿಲ್ಲಾದ್ರೂ ಕೊಡ್ತಾನೆ. ಇದು ತಿಂದು ಸೀದಾ ಹೋಗ್ತದಾ? ನೀನು ಎಂತ ಮಾಡ್ತಿದ್ದಿ?"

"ನಾ ಮಾಲಿ ಅದೀನ್ರಿ, ಶಿಕಾರಿಯವಳಲ್ಲ."

ಅವರಿಗೆ ಸಿಟ್ಟು ಬಂತು. ಮುಂದಿನ ಮೀಟಿಂಗಿನ ಒಳಗೆ ತೋಟ ಸರಿಯಾಗದಿದ್ದರೆ ಕೆಲಸವನ್ನು ಕಾಂಟ್ರಾಕ್ಟರಿಗೆ ಕೊಡುವುದು ಎಂದರು. ಕಾಂಟ್ರಾಕ್ಟರನ ಜನ ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ, ಅವರಿಗೆ ಖೋಲಿ ಬೇಡ. ಖೋಲಿಯಲ್ಲಿ ಸೈಕಲ್ ಇಡಬಹುದು ಎಂದು ಕಮಿಟಿಯ ಕೆಲವರು ಆಗಲೇ ಮಾತಾಡಿಕೊಂಡಿದ್ದರು.

ನನಗೆ ಗೊತ್ತಿದ್ದ ಉಪಾಯ ಒಂದೇ. ನಮ್ಮ ಕಡೆ ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ. ಗಾಳಿಗೆ ಸೀರೆ ಅಲುಗಿದರೆ ಯಾರೋ ನಿಂತಿದ್ದಾರೆ ಎಂದು ಚಿಗರಿ, ಹಂದಿ ಒಳಗೆ ಬರುವುದಿಲ್ಲ. ನಾನು ಮನೆಮನೆಗೆ ಹೋಗಿ ಹಳೆಯ ಸೀರೆ ಕೇಳಿದೆ. ಕೆಂಪು, ಹಸಿರು, ಹಳದಿ, ಎಲ್ಲಾ ಬಂತು. ಮೂರನೇ ಮಹಡಿಯ ಕುಲಕರ್ಣಿ ಬಾಯಿ ಧಾರವಾಡದವರು, ದೇವರು ದಿಂಡರು ಜಾಸ್ತಿ. ಅವರು ಜರಿ ಅಂಚಿನ ಹಸಿರು ಸೀರೆಯನ್ನೇ ಕೊಟ್ಟರು. ಗೂಟದಿಂದ ಗೂಟಕ್ಕೆ ಕಟ್ಟಿದೆ. ಮೂಲೆಯಲ್ಲಿ ಸೀರೆಯ ಸೆರಗು ಹಾರದಂತೆ ಒಂದು ಗುಂಡುಕಲ್ಲು ಇಟ್ಟೆ. ಹೊಲದ ಕೆಲಸ ಹಿಡಿಯುವಾಗ ಒಂದು ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುವುದು ನಮ್ಮ ಪದ್ಧತಿ. ಆ ಕಲ್ಲಿಗೇ ಹಚ್ಚಿದೆ.

ಜಿಂಕೆ ಬರಲಿಲ್ಲ. ಗುಲಾಬಿ ಚಿಗುರಿತು. ಭಂಡಾರಿಯವರು ಹಿಂದಿನ ತೋಟಕ್ಕೆ ಬಂದು ನೋಡಿ, "ಅಡ್ಡಿಲ್ಲ" ಎಂದರು. ಆ ಮನುಷ್ಯ ಇಡ್ಲಿಗೂ ಅಷ್ಟೇ ಹೇಳುವುದು.

ಆಮೇಲೆ ಒಂದು ದಿನ ಆ ಕಲ್ಲಿನ ಮುಂದೆ ಅಕ್ಕಿ, ಅರ್ಧ ತೆಂಗಿನಕಾಯಿ, ಒಂದು ರವಿಕೆ ಖಣ ಇತ್ತು. ಖೋಲಿ ಬಿಡಿಸಲು ಯಾರೋ ಮಾಟ ಮಾಡಿಸಿದ್ದಾರೆ ಎಂದುಕೊಂಡೆ. ಕಸಬರಿಗೆಯಿಂದ ಎಲ್ಲವನ್ನೂ ಬಳಿದು ಗಟಾರಕ್ಕೆ ಹಾಕಿದೆ. ಮರುದಿನ ಎರಡು ಕಾಯಿ, ಬಾಳೆಹಣ್ಣು, ಗೋಧಿ. ಮಾಟ ಮಾಡುವವರಿಗೆ ಇಷ್ಟು ಔದಾರ್ಯ ಎಲ್ಲಿಂದ ಎಂದು ತಿಳಿಯಲಿಲ್ಲ. ಅದಕ್ಕಿಂತ ತಿಳಿಯದ್ದು ಇನ್ನೊಂದು: ಪಾಲಕ್ ಮಡಿ ಮತ್ತೆ ಬೋಳಾಗಿತ್ತು. ಸೀರೆಗಳು ಕಟ್ಟಿದ ಹಾಗೆಯೇ ಇದ್ದವು. ಊರಲ್ಲಿ ಹೆದರುವ ಪ್ರಾಣಿ ಇಲ್ಲಿ ಯಾಕೆ ಹೆದರುವುದಿಲ್ಲ? ಮುಂಬಯಿಯ ಜಿಂಕೆಯೂ ಮುಂಬಯಿಯವರ ಹಾಗೆ ಯಾವುದಕ್ಕೂ ಹೆದರದಂತಾಯಿತೇ ಎಂದುಕೊಂಡೆ. ಸೀರೆ ಬಿಗಿ ಮಾಡಿದೆ, ಇನ್ನೂ ನಾಲ್ಕು ಸೀರೆ ಬೇಡಿ ತಂದು ಕಟ್ಟಿದೆ. ಕಟ್ಟಿದಷ್ಟೂ ಜಿಂಕೆ ಜಾಸ್ತಿ. ಒಂದು ಇದ್ದದ್ದು ಮೂರಾಯಿತು.

ಶುಕ್ರವಾರ ಕಾದು ಕುಳಿತೆ. ಕುಲಕರ್ಣಿ ಬಾಯಿ ತಾಟು ಹಿಡಿದು ಬಂದರು. ಅವರ ಹಿಂದೆ ಚಾಳಿನ ಹೆಂಗಸರು. ಎಲ್ಲರೂ ಸೇರಿ ಕಲ್ಲಿಗೆ ಉಡಿ ತುಂಬಿದರು. ನಾನು ಕಟ್ಟಿದ್ದು ಬೇಲಿ. ಅವರು ನೋಡಿದ್ದು ಸೀರೆ ಉಟ್ಟ ದೇವಿಯನ್ನು.

"ಬಾಯಾರ, ಅದು ಸೆರಗ ಹಾರಬಾರದಂತ ನಾ ಇಟ್ಟ ಕಲ್ಲ್ರಿ."

"ನೀ ಇಟ್ಟಿ ಅಂದ್ರ, ಆಕೀನ ನಿನ್ನ ಕೈಲೆ ಇಡಿಸ್ಯಾಳ, ಶಾಂತವ್ವ."

"ಕುಂಕುಮಾನೂ ನಾನ ಹಚ್ಚೀನ್ರಿ."

"ನೋಡು, ಹೌದಲ್ಲ? ಸುಮ್ಮನ ಹಚ್ತಿದ್ದೇನು?"

ಉಡಿಯ ಅಕ್ಕಿ, ಗೋಧಿ, ಬಾಳೆಹಣ್ಣು ತಿನ್ನಲು ಜಿಂಕೆ ಬರುತ್ತದೆ, ಅದು ಮುಗಿದ ಮೇಲೆ ಬಾಯಿ ರುಚಿಗೆ ನನ್ನ ಪಾಲಕ್ ತಿನ್ನುತ್ತದೆ ಎಂದು ಹೇಳಿ ನೋಡಿದೆ. ಅವರ ಮುಖ ಅರಳಿತು. ದೇವಿಯೇ ಜಿಂಕೆಯ ರೂಪದಲ್ಲಿ ಬಂದು ಉಡಿ ಸ್ವೀಕರಿಸುತ್ತಾಳೆ ಎಂಬ ಮಾತು ಸಂಜೆಯೊಳಗೆ ಎಲ್ಲಾ ಮಹಡಿ ಮುಟ್ಟಿತು. ಅಂದಿನಿಂದ ಬಾಳೆಹಣ್ಣು ಗೊನೆಗಟ್ಟಲೆ ಬರತೊಡಗಿತು.

ಭಂಡಾರಿಯವರಿಗೆ ಹೇಳಿದೆ. ಅವರ ಹೆಂಡತಿಯೂ ಅಲ್ಲಿಗೆ ಹರಕೆ ಹೊತ್ತಿದ್ದರು. ಮನುಷ್ಯ ತಲೆ ಕೆರೆದುಕೊಂಡು, "ದೇವಿ ಇರ್ಲಿ, ಜಿಂಕೆ ಬೇಡ, ಹಾಗೆ ಎಂತಾದ್ರೂ ಮಾಡ್ಲಿಕ್ಕಾಗ್ತದಾ?" ಎಂದು ನನ್ನನ್ನೇ ಕೇಳಿದರು.

ಕೊನೆಗೆ ಅವರೇ ಫಾರೆಸ್ಟಿನವರಿಗೆ ಫೋನ್ ಮಾಡಿಸಿದರು. ಒಬ್ಬ ಗಾರ್ಡ್ ಬಂದ, ಮರಾಠಿಯವನು. ಬಂದವನು ಮೊದಲು ಚಪ್ಪಲಿ ಬಿಟ್ಟು ಕಲ್ಲಿಗೆ ಕೈ ಮುಗಿದ. ಆಮೇಲೆ ಚಪ್ಪಲಿ ಮೆಟ್ಟಿ ಎಲ್ಲರನ್ನೂ ಬೈದ. ಅವನು ಹೇಳಿದ್ದು ಇಷ್ಟು: ಕಾಡುಪ್ರಾಣಿಗೆ ತಿನ್ನಲು ಹಾಕುವುದು ತಪ್ಪು. ಸೀರೆ ಕಂಡರೆ ಊಟ ಬಡಿಸಿದೆ ಎಂದು ಈ ಜಿಂಕೆಗಳು ಕಲಿತಿವೆ, ಇನ್ನು ಈ ಬೇಲಿ ಅವಕ್ಕೆ ಬೇಲಿಯಲ್ಲ. ಸೀರೆ ತೆಗೆಯಿರಿ, ಎತ್ತರದ ಬಲೆ ಕಟ್ಟಿರಿ. ಕೊನೆಯದನ್ನು ಮೆಲ್ಲಗೆ ಹೇಳಿದ: ಜಿಂಕೆ ದಿನಾ ಬರುವ ದಾರಿ ಹಿಡಿದು ಚಿರತೆ ಬರುತ್ತದೆ. ನಿಮ್ಮ ಮಕ್ಕಳು ಆಡುವುದು ಎಲ್ಲಿ?

ಮಕ್ಕಳು ಆಡುವುದು ಅಲ್ಲೇ.

ಮೀಟಿಂಗಿನಲ್ಲಿ ತೋಟವನ್ನು ಕಾಂಟ್ರಾಕ್ಟರಿಗೆ ಕೊಡುವುದೆಂದೇ ನಿಶ್ಚಯವಾಯಿತು. ಬಲೆ ಕಟ್ಟುವುದೂ ಅವನದೇ ಕೆಲಸ. ನಾನು ಖೋಲಿಯಲ್ಲಿ ಪಾತ್ರೆ ಗಂಟು ಕಟ್ಟಲು ಶುರು ಮಾಡಿದೆ. ಎಲ್ಲಿಗೆ ಹೋಗುವುದು ಎಂದು ಗೊತ್ತಿರಲಿಲ್ಲ, ಆದರೂ ಕಟ್ಟಿದೆ. ಕಾಂಟ್ರಾಕ್ಟರನ ಆಳುಗಳು ಬಲೆ ಹೊತ್ತು ಬಂದರು. ಬಂದವರು ಸೀರೆ, ಕಲ್ಲು, ಕುಂಕುಮ ನೋಡಿ ಬಲೆಯನ್ನು ಕೆಳಗಿಟ್ಟು ಬೀಡಿ ಹಚ್ಚಿದರು. ದೇವಿಯ ಸೀರೆಗೆ ನಾವು ಕೈ ಹಾಕುವುದಿಲ್ಲ ಎಂದರು. ಭಂಡಾರಿಯವರು ಯಾದವನಿಗೆ ಹೇಳಿದರು. ಅವನು ತನ್ನ ಹೆಂಡತಿ ಬಸುರಿ ಎಂದ. ಅವನ ಹೆಂಡತಿ ಇದ್ದದ್ದು ಊರಲ್ಲಿ, ಅವನು ಊರಿಗೆ ಹೋಗದೆ ಎರಡು ವರ್ಷವಾಗಿತ್ತು.

ಕುಲಕರ್ಣಿ ಬಾಯಿಯನ್ನು ಕೇಳಿದಾಗ, "ಉಡಿಸಿದಾಕೀನ ತನ್ನ ಕೈಲೆ ಬಿಚ್ಚಬೇಕು. ಮಂದಿ ಕೈ ಹಾಕೋದಲ್ಲ" ಎಂದರು. ಎಲ್ಲರೂ ನನ್ನ ಖೋಲಿಗೆ ಬಂದರು. ನಾನು ಗಂಟಿನ ಮೇಲೆ ಕುಳಿತಿದ್ದೆ.

"ಶಾಂತವ್ವ, ನೀನು ಒಮ್ಮೆ ಆ ಸೀರೆ ಬಿಚ್ಚಿ ಕೊಡು ಮಾರಾಯ್ತಿ," ಎಂದರು ಭಂಡಾರಿ.

"ಕೆಲಸ ಬಿಡಿಸಿದ್ರಲ್ರಿ. ಬಿಟ್ಟಾಕಿ ನಾ ಯಾಕ ಬಿಚ್ಚಲಿ?"

"ಹಾಗೆ ಹೇಳಿದ್ರೆ ಹೇಗೆ? ಮಕ್ಕಳು ಉಂಟು."

"ಬಿಚ್ತೀನಿ. ಕಲ್ಲನೂ ಎತ್ತಿ ಮುಂದಿನ ಗೇಟಿನ ಕಡೆ ಇಡ್ತೀನಿ. ಉಡಿ ತುಂಬಿದ್ದನ್ನ ದಿನಾ ಹೊತ್ತ ಮುಳುಗೂದ್ರಾಗ ನಾನ ಎತ್ತಿ ಹಂಚ್ತೀನಿ, ಒಂದು ಕಾಳ ನೆಲದ ಮ್ಯಾಲ ಉಳಿಯಂಗಿಲ್ಲ. ಮಾಲಿ ಕೆಲಸ ನಂದ, ಖೋಲಿ ನಂದ. ಈಗ ಇಷ್ಟು ಮಂದಿ ಮುಂದ ಹೇಳ್ರಿ."

ಅವರು ಕಮಿಟಿಯವರ ಮುಖ ನೋಡಿದರು. ಕಮಿಟಿಯವರು ಕುಲಕರ್ಣಿ ಬಾಯಿಯ ಮುಖ ನೋಡಿದರು. ಬಾಯಿ, "ದೇವಿ ತಂದಾಕೀನ ಹೊರಗ ಹಾಕಿ ಯಾರು ಚಂದಾಗಿ ಇರ್ತೀರಿ?" ಎಂದರು. ಅಲ್ಲಿಗೆ ಮುಗಿಯಿತು. ಕೆಲಸವೂ ಖೋಲಿಯೂ ನನ್ನದೇ ಎಂದು ಭಂಡಾರಿಯವರು ಎಲ್ಲರಿಗೂ ಕೇಳುವಂತೆ ಹೇಳಿದರು. ಆಳುಗಳು ಬಲೆಯನ್ನು ಅಲ್ಲೇ ಬಿಟ್ಟು ಲೋಕಲ್ ಟ್ರೇನು ಹಿಡಿಯಲು ಹೋದರು.

ತೋಟ ಕಾಯ್ದದ್ದಕ್ಕೆ ಖೋಲಿ ಉಳಿಯಲಿಲ್ಲ, ಕಾಯಲು ಹೋಗಿ ಕೆಡಿಸಿದ್ದಕ್ಕೆ ಉಳಿಯಿತು. ಇದು ಹೇಗೆ ಎಂದು ನನಗೆ ಇಂದಿಗೂ ಲೆಕ್ಕ ಹತ್ತುವುದಿಲ್ಲ. ದೇವಿ ಇದ್ದಳೋ ಇಲ್ಲವೋ ಅದೂ ಗೊತ್ತಿಲ್ಲ. ಕಲ್ಲು ನಾನು ನೆಲದಿಂದ ಹೆಕ್ಕಿದ್ದು. ಆದರೂ ಅಷ್ಟು ಜನ ಕೈ ಮುಗಿದ ಮೇಲೆ ಅದರ ಮೇಲೆ ಕಳೆ ತೆಗೆಯುವ ಕುರ್ಪಿ ಮಸೆಯಲು ನನಗೂ ಕೈ ಬರಲಿಲ್ಲ. ಕೆಲಸ ಕಲಿಸಿದ್ದು ಒಂದೇ: ಬೇಲಿಯನ್ನು ಪ್ರಾಣಿ ಮಾತ್ರ ನೋಡುವುದಿಲ್ಲ, ಮನುಷ್ಯರೂ ನೋಡುತ್ತಾರೆ. ಪ್ರಾಣಿ ಏನು ತಿಳಿಯುತ್ತದೆ ಎಂದಷ್ಟೇ ಯೋಚಿಸಿ ಬೇಲಿ ಹಾಕಿದರೆ ಅರ್ಧ ಕೆಲಸ ಆದಂತೆ. ಉಳಿದ ಅರ್ಧ ಕಷ್ಟದ್ದು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಹಿಂದಿನ ತೋಟಕ್ಕೆ ಹೋದೆ. ಕುಲಕರ್ಣಿ ಬಾಯಿಯೂ ಚಾಳಿನ ಹೆಂಗಸರೂ ಆಗಲೇ ಬಂದು ಸಾಲಾಗಿ ನಿಂತಿದ್ದರು. ಒಂದೊಂದೇ ಸೀರೆ ಬಿಚ್ಚಿ ಅವರ ಕೈಗೆ ಕೊಟ್ಟೆ, ಅವರು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಕೊನೆಯ ಸೀರೆ ಬಿಚ್ಚಿದಾಗ ಆಚೆ ಆ ಹೆಣ್ಣು ಜಿಂಕೆ ಬಾಳೆಹಣ್ಣಿಗೆ ಕಾದು ನಿಂತಿತ್ತು. ಹೆಂಗಸರೆಲ್ಲ ಕೈ ಮುಗಿದರು. ನಾನು "ಹಚಾ" ಎಂದೆ. ಅದು ಕದಲಲಿಲ್ಲ. ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿ ಬೀಸಿ ಒಗೆದೆ. ಜಿಂಕೆ ಗುಡ್ಡ ಹತ್ತಿತು. ನಾನು ಬಲೆಯ ಒಂದು ತುದಿಯನ್ನು ಕುಲಕರ್ಣಿ ಬಾಯಿಯ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಡಿಯಿರಿ ಎಂದು ಹೇಳಿ, ಮೊದಲ ಗೂಟಕ್ಕೆ ಕಟ್ಟಲು ಶುರು ಮಾಡಿದೆ.