ಶೀತಕೋಣೆಯ ಚಳಿಗಾಲ

ಮೆನ್ನೊ ಉಲ್ಫರ್ಸ್ ದಕ್ಷಿಣ ಧ್ರುವವನ್ನು ಕಂಡವನಲ್ಲ. ಹಡಗು ಹತ್ತಿದರೆ ಬಂದರು ದಾಟುವ ಮೊದಲೇ ವಾಂತಿ ಮಾಡಿಕೊಳ್ಳುತ್ತಿದ್ದ. ಆದರೂ ಜರ್ಮನಿಯ ಬ್ರೆಮರ್‌ಹಾಫನ್ನಿನ ನಮ್ಮ ಪ್ರಯೋಗಾಲಯದಲ್ಲಿ ಅಲ್ಲಿನ ಕಡಲಿನ ಪಾಚಿಗಳನ್ನು ಬೆಳೆಸುತ್ತಿದ್ದವನು ಅವನೇ. ನಾನು ಅವುಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೆ.

ಆ ಪಾಚಿಗಳಿಗೆ ತಣ್ಣಗಿನ ಉಪ್ಪುನೀರಷ್ಟೇ ಸಾಲದು. ತಮ್ಮೂರಿನ ಹಗಲೂ ಬೇಕು. ನಮಗೆ ಬೇಸಿಗೆಯಾದಾಗ ಅಲ್ಲಿ ಚಳಿಗಾಲ. ಆಗ ಹಗಲು ಕಿರಿದಾದರೆ ಮಾತ್ರ ಕೂದಲಿಗಿಂತ ತೆಳುವಾದ ಗಂಡು ಹೆಣ್ಣು ಎಳೆಗಳು ಕೂಡಿ ಮರಿಗಿಡ ಹುಟ್ಟುತ್ತದೆ. ಹಗಲು ಉದ್ದವಿದ್ದರೆ ಎಳೆಗಳು ಸುಮ್ಮನೆ ಉದ್ದವಾಗುತ್ತ ಹೋಗುತ್ತವೆ. ಹಾಗಾಗಿ ಮೆನ್ನೊ ವಾರಕ್ಕೊಮ್ಮೆ ಶೀತಕೋಣೆಯ ದೀಪದ ಗಡಿಯಾರ ತಿರುಗಿಸಿ, ಒಳಗಿನ ಹಗಲನ್ನು ಅಲ್ಲಿನ ಹಗಲಿಗೆ ಹೊಂದಿಸುತ್ತಿದ್ದ. ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು.

ಆ ವರ್ಷ ನಿರ್ದೇಶಕರು ಖಂಡಿತವಾಗಿ ಹೇಳಿಬಿಟ್ಟಿದ್ದರು: ಜುಲೈ ಮುಗಿಯುವುದರೊಳಗೆ ಮರಿಗಿಡ ತೋರಿಸಿ, ಇಲ್ಲವೆಂದರೆ ಕೋಣೆ ಬೇರೆಯವರಿಗೆ. ಕೋಣೆ ಹೋದರೆ ಮೆನ್ನೊನ ಕೆಲಸವೂ ಹೋದಂತೆ.

"ತಲೆ ಕೆಡಿಸ್ಕೋಬೇಡಿ ಡಾಕ್ಟರಮ್ಮ," ಎಂದಿದ್ದ. "ನಾನು ಬಸಿರು ಮಾಡಿಸದ ಪಾಚಿ ಇದೆಯಾ?"

"ನಿನ್ನ ಹೆಂಡ್ತಿ ಮುಂದೆ ಈ ಮಾತು ಆಡು, ನೋಡೋಣ."

"ತಾಲ್ಕೆ ಮುಂದೆ ನಾನು ಮಾತೇ ಆಡಲ್ಲ."

ಜೂನ್ ಇಪ್ಪತ್ತೊಂದು ಅಲ್ಲಿನ ನಡುಚಳಿಗಾಲ. ಆ ದಿನ ಹೊರಗೆ ಎಷ್ಟೇ ಸೆಕೆಯಿರಲಿ, ನಾವು ಕೋಸುಸೊಪ್ಪು ಬೇಯಿಸಿ ಸಾಸೇಜಿನ ಜೊತೆ ತಿನ್ನುತ್ತಿದ್ದೆವು. ಈ ಕಡೆ ಅದು ಹಿಮ ಬಿದ್ದ ಮೇಲೆ ತಿನ್ನುವ ಊಟ. ಜೂನ್ ತಿಂಗಳಲ್ಲಿ ಈ ಊಟ ಮಾಡಿಸುವ ಹುಚ್ಚು ಶುರುಮಾಡಿದವನೇ ಮೆನ್ನೊ.

ಆ ವರ್ಷ ತಡವಾಗಿ ಊಟಕ್ಕೆ ಕೂತಾಗ ಅವನು ತಟ್ಟೆಯನ್ನು ದಿಟ್ಟಿಸಿ ನೋಡಿ, "ಯಾರ್ರೀ ಇದು ಮಾಡಿದ್ದು? ಜೂನಲ್ಲಿ ಯಾರಾದ್ರೂ ಕೋಸುಸೊಪ್ಪು ತಿಂತಾರಾ?" ಎಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದ.

ನಾನು ಎದ್ದು ಅವನ ಬೀಗದ ಕೈ ಕೇಳಿದೆ. ಯಾಕೆಂದು ಕೇಳದೆ ಕೊಟ್ಟ, ನನ್ನ ಹಿಂದೆಯೇ ಬಂದ. ಸಂಜೆ ನಾಲ್ಕು ದಾಟಿತ್ತು. ಆ ಹೊತ್ತಿಗೆ ಶೀತಕೋಣೆ ಕತ್ತಲಾಗಿರಬೇಕಿತ್ತು. ಬಾಗಿಲು ತೆಗೆದರೆ ಕಣ್ಣು ಕುಕ್ಕುವ ಬೆಳಕು. ಗಡಿಯಾರವನ್ನು ನಮ್ಮೂರಿನ ಜೂನ್ ಹಗಲಿಗೆ ಸರಿಯಾಗಿ ತಿರುಗಿಸಲಾಗಿತ್ತು.

"ಯಾರು ಮುಟ್ಟಿದ್ದು ಇದನ್ನ?" ಮೆನ್ನೊ ಕಿರುಚಿದ.

"ಬೀಗದ ಕೈ ನಿನ್ನ ಹತ್ರಾನೇ ಇತ್ತು."

"ಹಾಗಾದ್ರೆ... ಬೇಸಿಗೆ ಅಲ್ವಾ ಈಗ?"

"ಹೊರಗೆ ಬೇಸಿಗೆ ಮೆನ್ನೊ. ಒಳಗೆ ಚಳಿಗಾಲ."

ಅವನು ಪಾಚಿಯ ಗಾಜಿನ ಬಟ್ಟಲುಗಳ ಮುಂದೆ ನಿಂತ. ಇಷ್ಟು ಸಣ್ಣ ಮಾತು ಅವನ ತಲೆಗೆ ಇಳಿಯಲು ಬಹಳ ಹೊತ್ತು ಹಿಡಿಯಿತು. ಇಳಿದಾಗ ಅವನಿಗೆ ಅರ್ಥವಾದದ್ದು ಪಾಚಿಯ ಸ್ಥಿತಿ ಮಾತ್ರವಲ್ಲ.

"ತಾಲ್ಕೆ ಹೇಳ್ತಾನೇ ಇದ್ಲು," ಎಂದ. "ಚಹಾ ಸಾಕು ಅನ್ನೋ ಗುರುತಿಗೆ ಬಟ್ಟಲಿಗೆ ಚಮಚ ಹಾಕಿ, ಮತ್ತೆ ಚಹಾ ಕೇಳ್ತೀಯ ಅಂತ. ನಾನೇ ಅವಳನ್ನ ಬೈದೆ. ಸರಿಹೋಗುತ್ತಾ ಇದು?"

ಪಾಚಿಯ ಬಗ್ಗೆ ಕೇಳಿದನೋ, ತನ್ನ ಮರೆವಿನ ಬಗ್ಗೆಯೋ ಗೊತ್ತಿಲ್ಲ. ಎರಡಕ್ಕೂ ಉತ್ತರ ಒಂದೇ ಆಗಿತ್ತು. "ಇಲ್ಲ," ಎಂದೆ.

ಹಗಲನ್ನು ಮತ್ತೆ ಕಿರಿದಾಗಿಸಿದೆವು. ಸೂಕ್ಷ್ಮದರ್ಶಕದಲ್ಲಿ ದಿನವೂ ನೋಡಿದೆ. ಎಳೆಗಳು ಪುಷ್ಟವಾಗಿದ್ದವು, ಹಸನಾಗಿದ್ದವು, ಬಂಜೆಯಾಗಿದ್ದವು. ನಿರ್ದೇಶಕರ ಹತ್ತಿರ ಇನ್ನಷ್ಟು ವಾರ ಕೇಳಿದೆ. ಸಿಗಲಿಲ್ಲ. ಬೇರೆ ಕಡೆ ಅವುಗಳನ್ನು ಇಟ್ಟುಕೊಳ್ಳಲು ತಣ್ಣಗಿನ ಕೋಣೆಯೂ ಸಿಗಲಿಲ್ಲ.

ಜುಲೈ ಕೊನೆಯ ದಿನ ಎಲ್ಲವನ್ನೂ ಬಿಸಿನೀರಿಗೆ ಸುರಿದೆವು. ಬಟ್ಟಲುಗಳನ್ನು ತೊಳೆಯುತ್ತೇನೆಂದು ಮೆನ್ನೊ ಹಟ ಹಿಡಿದ. ಪ್ರತಿಯೊಂದನ್ನೂ ಶಿಳ್ಳೆ ಹಾಕುತ್ತ ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕಿದ.

"ಹೊಸ ಪಾಚಿ ಯಾವಾಗ ಬರುತ್ತೆ ಡಾಕ್ಟರಮ್ಮ?"

"ಬರಲ್ಲ."

ಇನ್ನೆರಡು ಬಟ್ಟಲು ತೊಳೆದ ಮೇಲೆ ಮತ್ತೆ ಅದನ್ನೇ ಕೇಳಿದ. ಮತ್ತೆ ಅದೇ ಉತ್ತರ ಕೊಟ್ಟೆ.

ಸಂಜೆ ತಾಲ್ಕೆ ಅವನನ್ನು ಕರೆದೊಯ್ಯಲು ಬಂದಳು. ಅವನು ಶೀತಕೋಣೆಯ ದಪ್ಪ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದ. ಹೊರಗೆ ಡಾಂಬರು ಕರಗುವಂಥ ಬಿಸಿಲು.

"ಬಿಚ್ಚೋ ಅದನ್ನ, ಬೆಂದುಹೋಗ್ತೀಯ," ಎಂದಳು.

"ಹುಚ್ಚೀ, ಈಗ ನಡುಚಳಿಗಾಲ ಕಣೇ. ಡಾಕ್ಟರಮ್ಮನೇ ಹೇಳಿದ್ರು, ಕೇಳು."

ತಾಲ್ಕೆ ನನ್ನ ಕಡೆ ನೋಡಿದಳು. ಆಮೇಲೆ ಅವಳು ಅವನ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿ, ಕೈ ಹಿಡಿದು ಬಿಸಿಲಿಗೆ ಇಳಿಸಿಕೊಂಡು ಹೋದಳು.