ಎಂಟು ಸೆಕೆಂಡಿಗೆ ಸೇರಿಸಿದ ಮಾತು

ಮೂರು ವರ್ಷದ ಹಿಂದೆ ನಾನು ಕೊರಟಗೆರೆಯ ಒಂದು ಸಮುದಾಯ ರೇಡಿಯೋ ಕೇಂದ್ರದಲ್ಲಿ ಕಾರ್ಯಕ್ರಮ ನಿರ್ವಾಹಕಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಬರೆಯುವುದು, ಓದುವುದು, ರೆಕಾರ್ಡ್ ಮಾಡುವುದು, ಬಂದವರಿಗೆ ಕುರ್ಚಿ ಹಾಕುವುದು ಎಲ್ಲವೂ ನನ್ನದೇ. ಸುತ್ತಲಿನ ಹಳ್ಳಿಗಳಲ್ಲಿ ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ, ದನಿ ಗೊತ್ತಿತ್ತು.

ರೇಡಿಯೋದಲ್ಲಿ ಯಾವ ಕಾರ್ಯಕ್ರಮವೂ ಅಂದುಕೊಂಡ ಹೊತ್ತಿಗೆ ಸರಿಯಾಗಿ ಮುಗಿಯುವುದಿಲ್ಲ. ಮುಂದಿನದು ಶುರುವಾಗುವ ತನಕ ಉಳಿಯುವ ಸಂದಿಗೆ, ದಿನದ ಪಟ್ಟಿಯಲ್ಲಿಲ್ಲದ ಸಣ್ಣ ಪ್ರಕಟಣೆ, ಜಾಹೀರಾತುಗಳನ್ನು ಹಾಕುತ್ತೇವೆ. ಇವನ್ನು ಫಿಲ್ಲರ್ ಎನ್ನುತ್ತಾರೆ. ಕರೆಂಟ್ ತೆಗೆಯುವ ಹೊತ್ತು, ಬಟ್ಟೆ ಅಂಗಡಿಯ ರಿಯಾಯಿತಿ, ತಪ್ಪಿಸಿಕೊಂಡ ಹಸು, ಕಾಣೆಯಾದ ಮನುಷ್ಯರು, ಎಲ್ಲವೂ ಒಂದೇ ಫೋಲ್ಡರಿನಲ್ಲಿ ಇರುತ್ತಿದ್ದವು. ಪ್ರತಿಯೊಂದೂ ನಲವತ್ತು ಸೆಕೆಂಡ್ ಇರಬೇಕೆಂಬ ಕ್ರಮ ನಾನೇ ಮಾಡಿದ್ದು. ಅಳತೆ ಒಂದೇ ಇದ್ದರೆ ಕಂಪ್ಯೂಟರು ತಾನಾಗಿಯೇ ಎತ್ತಿ ಹಾಕುತ್ತದೆ, ಪ್ರಸಾರದಲ್ಲಿ ಮೌನ ಬೀಳುವುದಿಲ್ಲ. ಮೌನ ಬಿದ್ದರೆ ಕೇಳುಗರು ಸ್ಟೇಷನ್ ಬದಲಿಸುತ್ತಾರೆಂಬ ಹೆದರಿಕೆ ನಮಗಿತ್ತು.

ಒಂದು ದಿನ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲುವಿನಿಂದ, ತೆಲುಗು ಬೆರೆತ ಗಡಿಸೀಮೆಯ ಮಾತಿನ ಒಬ್ಬರು ಬಂದರು. ತಂಗಿ ಅಂಜಿನಮ್ಮ ಮನೆ ಬಿಟ್ಟು ಹೋಗಿದ್ದಾಳೆ, ಕೊರಟಗೆರೆ ಬಸ್ ಹತ್ತಿದ್ದನ್ನು ಯಾರೋ ನೋಡಿದ್ದಾರೆ ಎಂದರು. ವಯಸ್ಸು, ಬಣ್ಣ, ಗದ್ದದ ಮೇಲಿನ ಮಚ್ಚೆ, ಎಲ್ಲ ಬರೆದುಕೊಂಡೆ. ಓದಿ ನೋಡಿದರೆ ಮೂವತ್ತೆರಡು ಸೆಕೆಂಡ್ ಆಯಿತು. ಎಂಟು ಸೆಕೆಂಡ್ ಕಡಿಮೆ.

“ಆರೋಗ್ಯ ಹೆಂಗಿತ್ತು?” ಎಂದು ಕೇಳಿದೆ.

“ಬಾಗೇ ಇದ್ಲು ಮೇಡಂ. ವಾರದಿಂದ ಸರಿಯಾಗಿ ಅನ್ನ ತಿನ್ಲಿಲ್ಲ, ಮಾತೂ ಆಡ್ಲಿಲ್ಲ. ಅದೇಮೋ ನಂಗೊತ್ತಾಗ್ಲಿಲ್ಲ.”

ನಾನು ಹೀಗೆ ಬರೆದೆ: ‘ಇವರು ಮಾನಸಿಕವಾಗಿ ಅಸ್ವಸ್ಥರಾಗಿದ್ದು, ಕಂಡವರು ದಯವಿಟ್ಟು ತಮ್ಮ ಬಳಿ ಇರಿಸಿಕೊಂಡು ತಿಳಿಸಬೇಕು.’ ಕಾಣೆಯಾದವರ ಪ್ರಕಟಣೆಗಳಲ್ಲಿ ಈ ವಾಕ್ಯ ಎಷ್ಟೋ ಸಲ ಓದಿ ನನ್ನ ನಾಲಿಗೆಗೆ ಅಭ್ಯಾಸವಾಗಿತ್ತು. ಹಾಗೆ ಹೇಳಿದರೆ ಜನ ಮರುಕದಿಂದ ಹುಡುಕುತ್ತಾರೆ ಎಂಬ ಸಮಾಧಾನವೂ ಇತ್ತು. ಅಣ್ಣ ತಲೆಯಾಡಿಸಿ ಹೋದರು. ಪ್ರಕಟಣೆ ನಲವತ್ತು ಸೆಕೆಂಡಿಗೆ ಸರಿಹೋಯಿತು.

ಪ್ರಕಟಣೆ ಕೊಟ್ಟವರೇ ಫೋನ್ ಮಾಡಿ ಸಾಕು ಎಂದರೆ ತೆಗೆಯುವುದು ನಮ್ಮ ರೂಢಿ. ಅವರು ಫೋನ್ ಮಾಡಲಿಲ್ಲ, ನಾವೂ ವಿಚಾರಿಸಲಿಲ್ಲ. ಸಂದಿ ಬಿದ್ದಾಗಲೆಲ್ಲ ಕಂಪ್ಯೂಟರು ಅದನ್ನು ಹಾಕುತ್ತಲೇ ಹೋಯಿತು.

ತಿಂಗಳಾಗಿತ್ತೇನೋ. ಬೆಳಿಗ್ಗೆ ಒಬ್ಬ ಹುಡುಗಿ ಬಂದು ಬಾಗಿಲಲ್ಲೇ ನಿಂತಳು. ಗದ್ದದ ಮೇಲೆ ಮಚ್ಚೆಯಿತ್ತು.

“ನೀವೇನಾ ಅದನ್ನ ಓದಿದ್ದು?”

ಹೌದು ಎಂದೆ.

“ರೇಡಿಯೋದಾಗೆ ಬಂದ ದಿನಾನೇ ಅಣ್ಣಂಗೆ ಫೋನ್ ಮಾಡ್ದೆ. ಬಂದ, ಅತ್ತ, ಹೋದ. ಮೇನಮಾಮನ್ನ, ಅಮ್ಮನ ತಮ್ಮನ್ನ, ಕಟ್ಕೊಳ್ಳಲ್ಲ ಅಂದೆ. ಫಾರ್ಮಸಿ ಓದಿದ್ದೆ, ಕೆಲ್ಸ ಹುಡುಕ್ಕೊಂಡು ಬಂದೆ. ನಾನೆಲ್ಲಿ ಕಾಣೆಯಾಗಿದ್ದೆ ಮೇಡಂ?”

ಅವಳಿಗೆ ಕೆಲಸ ಸಿಕ್ಕಿದ್ದು ಹೊಳವನಹಳ್ಳಿಯ ಒಂದು ಮೆಡಿಕಲ್ ಸ್ಟೋರಿನಲ್ಲಿ. ಪ್ರಕಟಣೆ ಕೇಳಿದವರು ಹೆಸರು, ಮಚ್ಚೆ ಹಿಡಿದು ಅವಳನ್ನು ಗುರುತಿಸಿದ್ದರು. ಈಗ ಅವಳ ಕೈಯಿಂದ ಯಾರೂ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. “ಈ ತಿಂಗ್ಳು ನೋಡ್ತೀನಿ ಅಂದವ್ರೆ ಅಂಗಡಿ ಸಾಬ್ರು. ಆಮೇಲೆ ಊರಿಗೋಗೋದೇ. ಅಲ್ಲಿ ಮಾಮ ಕಾಯ್ತವ್ನೆ. ಅಸ್ವಸ್ಥೆ ಅಂತ ಅಣ್ಣ ಹೇಳಿದ್ನಾ?”

ಅಣ್ಣ ಹೇಳಿರಲಿಲ್ಲ ಎಂದೆ. ಎಂಟು ಸೆಕೆಂಡಿನ ವಿಚಾರವನ್ನೂ ಹೇಳಿದೆ. ಪತ್ತೆಯಾಗಿದ್ದಾರೆ ಎಂದು ಇವತ್ತೇ ಪ್ರಕಟಣೆ ಹಾಕುತ್ತೇನೆ ಎಂದೆ.

“ಬ್ಯಾಡ. ನಾನೇನು ತಪ್ಪಿಸ್ಕೊಂಡ ಹಸಾನಾ, ಸಿಕ್ತು ಅನ್ನೋಕೆ? ಅಳತೆ ಸಾಲ್ದಿದ್ರೆ ಹುಚ್ಚು ವಾಸಿ ಆಯ್ತು ಅಂತಲೂ ಸೇರಿಸ್ತೀರ.” ಮೆಟ್ಟಿಲ ಕಡೆ ತಿರುಗಿ ಹೇಳಿದಳು: “ಸಂತೆ ದಿನ ಅಂಗಡಿಗೆ ಬನ್ನಿ. ನಾಕು ಜನದ ಮುಂದೆ ನನ್ ಕೈಯಿಂದ ಮಾತ್ರೆ ತಗೊಳ್ಳಿ. ಇದೇ ದನೀಲಿ ಕೇಳಿ.”

ಅವಳು ಮೆಟ್ಟಿಲಿಳಿಯುವ ಮೊದಲೇ ಪ್ರಕಟಣೆಯನ್ನು ಅಳಿಸಿದೆ. ಸಂತೆ ದಿನ ಬಿ.ಪಿ. ಮಾತ್ರೆಯ ಚೀಟಿ ಹಿಡಿದು ಹೊಳವನಹಳ್ಳಿಗೆ ಹೋದೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಮನಸ್ಸಿನಲ್ಲೇ ಚೆನ್ನಾಗಿ ಜೋಡಿಸಿಕೊಂಡಿದ್ದೆ.

ಅಂಗಡಿಯ ಮುಂದೆ ಏಳೆಂಟು ಜನವಿದ್ದರು. ಒಬ್ಬ ಮುದುಕಿ ಅಂಜಿನಮ್ಮನ ಮುಂದಿನಿಂದಲೇ ಕೈ ಚಾಚಿ ಮಾಲೀಕರಿಗೆ ಚೀಟಿ ಕೊಡುತ್ತಿದ್ದಳು. “ಸಾಬ್ರೇ, ನೀವೇ ಕೊಡಿ. ಈವಮ್ಮ ಏನಾದ್ರೂ ಬ್ಯಾರೆ ಕೊಟ್ಬುಟ್ಟಾಳು.”

“ಅರೆ ಅಮ್ಮಾ, ಓದಿರೋಳು ಅವಳು, ನಾನಲ್ಲ,” ಎಂದು ಗೊಣಗಿದ ಸಾಹೇಬರು ಚೀಟಿ ಮಾತ್ರ ಇಸಿದುಕೊಂಡರು.

ಅಂಜಿನಮ್ಮ ಬೇರೆ ಕೆಲಸವಿಲ್ಲದೆ ಗಾಜಿನ ಕಪಾಟು ಒರೆಸುತ್ತಿದ್ದಳು. ನಾನು ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. “ಈ ಮಾತ್ರೆ ಕೊಡಮ್ಮ” ಎಂದಷ್ಟೇ ಅಂದೆ. ಪಕ್ಕದಲ್ಲಿದ್ದವನು ತಟ್ಟನೆ ತಿರುಗಿದ.

“ಲೇ, ರೇಡಿಯೋ ಅಮ್ಮ ಕಣ್ಲಾ ಇದು! ನೀವೇ ಅಲ್ವರಾ ಈವಮ್ಮಂಗೆ ತಲೆ ಸರಿಯಿಲ್ಲ ಅಂದಿದ್ದು?”

“ಹೌದು. ಅದು ಸುಳ್ಳು. ಯಾರೂ ಹೇಳದ ಮಾತನ್ನ ನಾನೇ ಸೇರಿಸಿದೆ.”

“ಯಾಕೆ?”

“ಹೊತ್ತು ತುಂಬಿಸೋಕೆ” ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.

ಮುದುಕಿಯೇ ಬಾಯಿ ತೆರೆದಳು. “ಹೊತ್ತು ತುಂಬ್ಸಕ್ಕೆ ರಾಗಿ ಬೀಸೋ ಪದನಾದ್ರೂ ಹಾಕ್ಬಾರ್ದಾಗಿತ್ತಾ ತಾಯಿ? ಎಣ್ಣು ಮಗಳ ಬಾಳ್ವೇನೇ ಬೇಕಿತ್ತಾ?” ಆಮೇಲೆ ಸಾಹೇಬರ ಕೈಯಿಂದ ತನ್ನ ಚೀಟಿಯನ್ನು ವಾಪಸ್ ಇಸಿದುಕೊಂಡು ಅಂಜಿನಮ್ಮನ ಮುಂದಿಟ್ಟಳು. “ಉಂಡಮ್ಯಾಕೋ, ಉಣ್ಣಕ್ ಮುಂಚೇನೋ, ಸರಿಯಾಗಿ ನೋಡಿ ಹೇಳವ್ವ.”

ಅಂದು ಎಲ್ಲರೂ ಅವಳ ಕೈಯಿಂದಲೇ ಔಷಧಿ ಪಡೆದರೆಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ. ಇಬ್ಬರು ಗಿರಾಕಿಗಳು ಸಾಹೇಬರಿಗೇ ಕಾದು ನಿಂತರು. ಆದರೆ ತಿಂಗಳು ಮುಗಿದಾಗ ಸಾಹೇಬರು ಅವಳನ್ನು ಕೆಲಸದಿಂದ ಬಿಡಿಸಲಿಲ್ಲ. ಈಗಲೂ ಅಲ್ಲೇ ಇದ್ದಾಳೆ. ನನ್ನನ್ನು ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅಂದು ಮಾತ್ರೆ ಕೊಡುವಾಗ ಎಲ್ಲ ಗಿರಾಕಿಗಳಿಗೆ ಹೇಳುವಂತೆ ನನಗೂ ಹೇಳಿದಳು: “ದಿನಕ್ಕೊಂದು, ಬೆಳಿಗ್ಗೆ. ಚೀಟೀಲಿ ಇರೋದಷ್ಟೇ. ನೀವಾಗೇ ಏನೂ ಸೇರಿಸ್ಕೋಬೇಡಿ.”

ನಲವತ್ತು ಸೆಕೆಂಡಿನ ಕ್ರಮವನ್ನು ಆ ವಾರವೇ ಕೈಬಿಟ್ಟೆ. ಪ್ರಕಟಣೆ ಕೊಟ್ಟವರಿಗೆ ಮೂರನೇ ದಿನ ನಾವೇ ಫೋನ್ ಮಾಡಿ ವಿಚಾರಿಸತೊಡಗಿದೆವು. ಮುಂದೆ ಒಬ್ಬರು ವೃದ್ಧರು ಕಾಣೆಯಾದ ಸುದ್ದಿ ಬಂತು. ಮಗ ಹೇಳಿದ್ದನ್ನಷ್ಟೇ ಓದಿ ಮೈಕ್ ಮುಚ್ಚಿದೆ. ಮುಂದಿನ ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು. ಗಡಿಯಾರದ ಮುಳ್ಳು ನೋಡುತ್ತ ಸುಮ್ಮನೆ ಕುಳಿತೆ. ಆಗಲೇ ಫೋನ್ ಬಂತು.

“ಏನ್ ಮೇಡಂ, ರೇಡಿಯೋ ನಿಂತೋಯ್ತಾ?”

“ಇಲ್ಲಪ್ಪ,” ಎಂದೆ. “ನಮಗೆ ಗೊತ್ತಿದ್ದದ್ದು ಅಷ್ಟೇ.”